ಪ್ರತಿಕಾಯವನ್ನೇ ನೋಡದ ಟಿ ಕೋಶ ಅದನ್ನು ಆರಿಸುವುದು ಹೇಗೆ?

ರೋಗಾಣುವಿಗೆ ಅಂಟಿಕೊಳ್ಳುವ ಪ್ರೋಟೀನ್ ಆದ ಪ್ರತಿಕಾಯವನ್ನು ತಯಾರಿಸುವುದು ಬಿ ಕೋಶ ಎಂಬ ಬಿಳಿ ರಕ್ತಕಣ, ಹಾಗಿರುವಾಗ ಯಾವ ಪ್ರತಿಕಾಯ ಉಳಿಯಬೇಕೆಂಬುದರಲ್ಲಿ ಇನ್ನೊಂದು ಬಗೆಯ ಬಿಳಿ ರಕ್ತಕಣವಾದ ಸಹಾಯಕ ಟಿ ಕೋಶಕ್ಕೇನು ಕೆಲಸ ಎಂದು ಕೇಳಿದ್ದೀರಿ. ರೋಗನಿರೋಧಕ ಶಾಸ್ತ್ರದಲ್ಲಿ ನನಗೆ ಬಹಳ ಪ್ರಿಯವಾದ ಪ್ರಶ್ನೆ ಇದು. ಏಕೆಂದರೆ ಟಿ ಕೋಶಕ್ಕೆ ಪ್ರತಿಕಾಯ ಕಾಣುವುದೇ ಇಲ್ಲ.

ಬಿ ಕೋಶಗಳ ಮೂಲ ವೈವಿಧ್ಯ ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ, ಜೀನ್ ತುಣುಕುಗಳ ಮರುಜೋಡಣೆಯಿಂದ. ಅದರಲ್ಲಿ ಟಿ ಕೋಶದ ಕೈ ಇಲ್ಲ. ಅದರ ಪ್ರಭಾವ ಶುರುವಾಗುವುದು ಸೋಂಕು ಅಥವಾ ಲಸಿಕೆಯ ನಂತರ, ದುಗ್ಧಗ್ರಂಥಿಗಳಲ್ಲಿ ಮೂಡುವ ಜರ್ಮಿನಲ್ ಸೆಂಟರ್ ಎಂಬ ಬಿ ಕೋಶಗಳ ಗುಂಪುಗಳಲ್ಲಿ. ಅಲ್ಲಿ ವಿಭಜನೆಯಾಗುತ್ತಿರುವ ಬಿ ಕೋಶದ ಪ್ರತಿಕಾಯ ಜೀನ್‌ನಲ್ಲಿ ಎಐಡಿ ಎಂಬ ಕಿಣ್ವ ಬದಲಾವಣೆಗಳನ್ನು ತರುತ್ತದೆ. ಒಂದು ವಿಭಜನೆಯಲ್ಲಿ ಸಾವಿರ ಡಿಎನ್‌ಎ ಅಕ್ಷರಗಳಿಗೆ ಸುಮಾರು 1 ಬದಲಾವಣೆ, ಅಂದರೆ ಸಾಮಾನ್ಯಕ್ಕಿಂತ ಸುಮಾರು 10 ಲಕ್ಷ ಪಟ್ಟು ವೇಗ. ಇವುಗಳಲ್ಲಿ ಹೆಚ್ಚಿನವು ನಿಷ್ಪ್ರಯೋಜಕ ಅಥವಾ ಹಾನಿಕರ. ಆದ್ದರಿಂದ ಆಯ್ಕೆ ನಡೆಯಲೇಬೇಕು.

ಆಯ್ಕೆಯ ಬಗೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಬಿ ಕೋಶ ತನ್ನ ಗ್ರಾಹಕದಿಂದ, ಅಂದರೆ ತನ್ನ ಮೇಲ್ಮೈಗೆ ಅಂಟಿರುವ ತನ್ನದೇ ಪ್ರತಿಕಾಯದಿಂದ, ಪ್ರತಿಜನಕವನ್ನು (ರೋಗಾಣು ಅಥವಾ ಲಸಿಕೆಯ ಅಂಶವನ್ನು) ಹಿಡಿದು ಒಳಗೆಳೆದುಕೊಂಡು, ಕತ್ತರಿಸಿ, ಅದರ ಪೆಪ್ಟೈಡ್ (ಪ್ರೋಟೀನಿನ ಚೂರು) ತುಣುಕುಗಳನ್ನು ಮೇಲ್ಮೈಯಲ್ಲಿ ಪ್ರದರ್ಶಿಸುತ್ತದೆ. ಜರ್ಮಿನಲ್ ಸೆಂಟರ್‌ನಲ್ಲಿರುವ ಸಹಾಯಕ ಟಿ ಕೋಶ (ಫಾಲಿಕ್ಯುಲರ್ ಸಹಾಯಕ ಟಿ ಕೋಶ) ಗುರುತಿಸುವುದು ಆ ತುಣುಕುಗಳನ್ನು ಮಾತ್ರ. ಗ್ರಾಹಕದ ಹಿಡಿತ ಬಿಗಿಯಾದಷ್ಟೂ ಪ್ರದರ್ಶನವಾಗುವ ತುಣುಕುಗಳು ಹೆಚ್ಚು, ಸಿಗುವ ನೆರವೂ ಹೆಚ್ಚು. ಆ ನೆರವು ಸಿಡಿ40 ಲಿಗ್ಯಾಂಡ್, ಇಂಟರ್‌ಲ್ಯೂಕಿನ್-21 ಮುಂತಾದ ಸಂಕೇತಗಳ ರೂಪದಲ್ಲಿ ಬರುತ್ತದೆ. ಟಿ ಕೋಶಗಳು ವಿರಳ, ಬಿ ಕೋಶಗಳು ಹೇರಳ. ನೆರವಿಗಾಗಿ ಪೈಪೋಟಿ ಅನಿವಾರ್ಯ. ಹೆಚ್ಚು ನೆರವು ಪಡೆದದ್ದು ಮರಳಿ ಹೋಗಿ ಹೆಚ್ಚು ಬಾರಿ ವಿಭಜನೆಯಾಗುತ್ತದೆ, ಪಡೆಯದ್ದು ಸಾಯುತ್ತದೆ. ಹೀಗೆ ಸುತ್ತು ಸುತ್ತಾಗಿ ಪ್ರತಿಕಾಯಗಳ ಹಿಡಿತ ಬಿಗಿಯಾಗುತ್ತ ಹೋಗುತ್ತದೆ.

ಆದರೆ ಗೆದ್ದದ್ದು ಒಂದೇ, ಉಳಿದದ್ದೆಲ್ಲ ನಾಶ ಎಂದುಕೊಳ್ಳಬೇಡಿ. ಕೆಲವು ಜರ್ಮಿನಲ್ ಸೆಂಟರ್‌ಗಳನ್ನು ಒಂದೇ ಬಿ ಕೋಶದ ವಂಶ ಆವರಿಸಿಕೊಂಡರೆ, ಇನ್ನು ಕೆಲವುಗಳಲ್ಲಿ ಹಲವು ವಂಶಗಳು ಬಹುಕಾಲ ಜೊತೆಗೇ ಬಾಳುತ್ತವೆ. ಈ ವೈವಿಧ್ಯ ಉಳಿಯುವುದು ಒಳ್ಳೆಯದೇ ಎಂದು ನನ್ನ ಅಭಿಪ್ರಾಯ, ಏಕೆಂದರೆ ನಾಳಿನ ವೈರಾಣು ಇಂದಿನದರಂತೆಯೇ ಇರಬೇಕಿಲ್ಲ.

ಪ್ರತಿಕಾಯದ ವರ್ಗ ಬದಲಾವಣೆಗೂ, ಅಂದರೆ ಮೊದಲ ಬಗೆಯಾದ ಐಜಿಎಂನಿಂದ ಐಜಿಜಿಯಂಥ ಬೇರೆ ಬಗೆಗೆ ಹೊರಳುವುದಕ್ಕೂ, ಟಿ ಕೋಶದ ಸಂಕೇತ ಬೇಕು. ಸಿಡಿ40 ಲಿಗ್ಯಾಂಡ್ ಜೀನ್ ಕೆಟ್ಟಿರುವ ಮಕ್ಕಳಲ್ಲಿ ಐಜಿಎಂ ಇರುತ್ತದೆ, ಐಜಿಜಿ ಬಹಳ ಕಡಿಮೆ. ಸೋಂಕುಗಳು ಮರುಕಳಿಸುತ್ತಲೇ ಇರುತ್ತವೆ.

ಟಿ ಕೋಶದ ಈ ನೆರವಿನ ಅತ್ಯುತ್ತಮ ಪ್ರಯೋಜನ ಕಾಣುವುದು ಹಿಬ್ (ಹಿಮೋಫಿಲಸ್ ಇನ್‌ಫ್ಲುಯೆಂಜೆ ಬಿ ಎಂಬ ಬ್ಯಾಕ್ಟೀರಿಯಾ) ಲಸಿಕೆಯಲ್ಲಿ. ಆ ಬ್ಯಾಕ್ಟೀರಿಯಾದ ಹೊರಕವಚ ಸಕ್ಕರೆಯ ಸರಪಳಿ. ಅದರಿಂದ ಪೆಪ್ಟೈಡ್ ಸಿಗದು, ಟಿ ಕೋಶದ ನೆರವೂ ಒದಗದು. ಹಾಗಾಗಿ ಬರೀ ಸಕ್ಕರೆಯ ಲಸಿಕೆ ಶಿಶುಗಳಲ್ಲಿ ಫಲಿಸಲಿಲ್ಲ. ಸಕ್ಕರೆಗೆ ಪ್ರೋಟೀನ್ ಒಂದನ್ನು ಬೆಸೆದಾಗ, ಸಕ್ಕರೆಯನ್ನು ಹಿಡಿದ ಬಿ ಕೋಶ ಪ್ರೋಟೀನನ್ನೂ ನುಂಗಿ ಅದರ ತುಣುಕುಗಳನ್ನು ತೋರಿಸಿತು. ಪ್ರೋಟೀನನ್ನು ಗುರುತಿಸುವ ಟಿ ಕೋಶ, ಸಕ್ಕರೆಯ ವಿರುದ್ಧ ಪ್ರತಿಕಾಯ ಮಾಡುವ ಬಿ ಕೋಶಕ್ಕೆ ನೆರವಾಯಿತು.