ಓದುಗರ ಪ್ರಶ್ನೆ, ಶಿಕ್ಷಕರ ಉತ್ತರ: ಪರದೆ ಬೆಳಗಿದ ಮೇಲೆ ತರಗತಿಯಲ್ಲಿ ಏನಾಗಬೇಕು?

ತರಗತಿಯಲ್ಲಿ ಡಿಜಿಟಲ್ ಸಾಧನಗಳ ಬಳಕೆಯ ಕುರಿತು ಬಂದಿರುವ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತೇನೆ. ಹಳೆಯ ವಿದ್ಯಾರ್ಥಿಗಳ ನೆರವಿನಿಂದ ನಮಗೆ ಪ್ರೊಜೆಕ್ಟರ್ ಮತ್ತು ಲ್ಯಾಪ್‌ಟಾಪ್ ದೊರೆತಿವೆ. 7ನೇ ತರಗತಿಗೆ ವಿದ್ಯುತ್ ಪಾಠದ ವಿಡಿಯೊ ಹಾಕಿದರೆ ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ, ಮಾರನೆಯ ದಿನ ಪ್ರಶ್ನೆ ಕೇಳಿದರೆ ತರಗತಿಯೆಲ್ಲ ಮೌನ. ತಪ್ಪು ವಿಡಿಯೊದ್ದೋ, ನನ್ನದೋ?
– ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ

ಉತ್ತರ: ತಪ್ಪು ಇಬ್ಬರದೂ ಅಲ್ಲ. ನೋಡುವಾಗ ಅರ್ಥವಾಯಿತು ಎನ್ನಿಸುವುದಕ್ಕೂ ಮರುದಿನ ನೆನಪಿಗೆ ಬರುವುದಕ್ಕೂ ನಡುವೆ ದೊಡ್ಡ ಅಂತರವಿದೆ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಸ್ಪಷ್ಟವಾಗಿ ತೋರಿಸಿತು. ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ನಡೆಸಿದ ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ಒಂದು ವಾರ ಕಳೆದ ಮೇಲೆ, ಓದಿದ್ದನ್ನು ಪಕ್ಕಕ್ಕಿಟ್ಟು ನೆನಪಿನಿಂದ ಬರೆದು ನೋಡಿದ್ದವರೇ ಅವರಿಗಿಂತ ಹೆಚ್ಚು ಉಳಿಸಿಕೊಂಡಿದ್ದರು. ನಿಮ್ಮ ಮಕ್ಕಳು ವಿಡಿಯೊ ನೋಡಿದ್ದಾರೆ, ಅದರಲ್ಲಿದ್ದುದನ್ನು ತಮ್ಮ ತಲೆಯಿಂದ ಹೊರತೆಗೆಯುವ ಕೆಲಸವನ್ನು ಮಾತ್ರ ಮಾಡಿಲ್ಲ. ಆದ್ದರಿಂದ ವಿಡಿಯೊ ಬದಲಿಸುವ ಮೊದಲು ಅದನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಯೋಚಿಸಿ.

ವಿದ್ಯುತ್ ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದು ನಮಗೆಲ್ಲ ಗೊತ್ತಿರುವ ವಿಷಯವೇ. ಸೆಲ್ಲಿನಿಂದ ಹೊರಟ ಪ್ರವಾಹವನ್ನು ದಾರಿಯಲ್ಲಿ ಸಿಕ್ಕ ಬಲ್ಬು ಒಂದಷ್ಟು 'ಖರ್ಚು' ಮಾಡಿಬಿಡುತ್ತದೆ ಎಂದು ಹೆಚ್ಚಿನ ಮಕ್ಕಳು ನಂಬಿರುತ್ತಾರೆ. ಈ ತಪ್ಪು ನಂಬಿಕೆಯನ್ನು ಹೊರಗೆಳೆಯದೆ ಎಷ್ಟು ವಿಡಿಯೊ ತೋರಿಸಿದರೂ ಅದು ಒಳಗೆ ಹಾಗೆಯೇ ಕುಳಿತಿರುತ್ತದೆ. ಪ್ರೊಜೆಕ್ಟರ್ ಹಚ್ಚುವ ಮೊದಲೇ ಕರಿಹಲಗೆಯ ಮೇಲೆ ಎರಡು ಸೆಲ್ಲು, ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ, ಒಂದೇ ಬಗೆಯ ಎರಡು ಬಲ್ಬು ಇರುವ ವಿದ್ಯುತ್ ಮಂಡಲವನ್ನು ಬರೆದು, ಯಾವ ಬಲ್ಬು ಹೆಚ್ಚು ಬೆಳಗುತ್ತದೆ ಎಂದು ಕೇಳಿ. ಮೊದಲನೆಯದಾದರೆ 1, ಎರಡನೆಯದಾದರೆ 2, ಎರಡೂ ಸಮವಾದರೆ 3 (ಸರಿ ಉತ್ತರ ಇದೇ) ಎಂದು ಪ್ರತಿಯೊಂದು ಮಗುವೂ ಸ್ಲೇಟಿನ ಮೇಲೆ ಬರೆದು ಒಟ್ಟಿಗೆ ಮೇಲೆತ್ತಿ ಹಿಡಿಯಲಿ. ಕೈ ಎತ್ತಿಸುವುದಕ್ಕಿಂತ ಇದು ಮೇಲು. ಪಕ್ಕದವರನ್ನು ನೋಡಿ ಕೈ ಎತ್ತಲು ಇಲ್ಲಿ ಅವಕಾಶವಿಲ್ಲ, ನಲವತ್ತು ಉತ್ತರಗಳೂ ಒಂದೇ ನೋಟಕ್ಕೆ ನಿಮಗೆ ಕಾಣುತ್ತವೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ರೂಪಿಸಿದ ಸಹಪಾಠಿ ಬೋಧನೆಯ ಕ್ರಮ ಇದೇ. ಕಠಿಣ ಲೆಕ್ಕಗಳನ್ನು ಬಿಡಿಸಬಲ್ಲ ತಮ್ಮ ವಿದ್ಯಾರ್ಥಿಗಳು ಮೂಲ ಪರಿಕಲ್ಪನೆಯ ಸರಳ ಪ್ರಶ್ನೆಗಳಲ್ಲಿ ಸೋಲುತ್ತಿದ್ದುದನ್ನು ಕಂಡು ಅವರು ತಮ್ಮ ಪಾಠದ ರೀತಿಯನ್ನೇ ಬದಲಿಸಿಕೊಂಡರು. ಅವರ ಲೆಕ್ಕಾಚಾರದಂತೆ ಸರಿ ಉತ್ತರ ಶೇ 30ಕ್ಕಿಂತ ಕಡಿಮೆಯಿದ್ದರೆ ಮತ್ತೆ ವಿವರಿಸಬೇಕು, ಶೇ 70ಕ್ಕಿಂತ ಹೆಚ್ಚಿದ್ದರೆ ಮುಂದೆ ಸಾಗಬೇಕು. ಇವೆರಡರ ನಡುವೆ ಇದ್ದರೆ ಬೇರೆ ಬೇರೆ ಉತ್ತರ ಬರೆದವರು ಎರಡು ನಿಮಿಷ ಪರಸ್ಪರ ವಾದಿಸಿ ಮತ್ತೊಮ್ಮೆ ಉತ್ತರ ಬರೆಯಬೇಕು. ಆ ಎರಡು ನಿಮಿಷದ ಗಲಾಟೆಗೆ ದಯವಿಟ್ಟು ಅಂಜಬೇಡಿ, ಪಾಠದ ಜೀವ ಇರುವುದು ಅಲ್ಲಿಯೇ.

ನಂತರ ನಿಜವಾದ ಸೆಲ್ಲು, ಟಾರ್ಚಿನ ಬಲ್ಬು, ತಂತಿಗಳನ್ನು ಮಕ್ಕಳ ಕೈಗೇ ಕೊಟ್ಟು ಜೋಡಿಸಲು ಹೇಳಿ. ಗೋಡೆಯ ಪ್ಲಗ್ಗಿನ ಹತ್ತಿರ ಮಾತ್ರ ಯಾರೂ ಸುಳಿಯಬಾರದು. ಇಲ್ಲಿ ನನ್ನ ಅನುಭವದ ಒಂದು ಎಚ್ಚರಿಕೆ: ಎರಡೂ ಬಲ್ಬುಗಳು ಒಂದೇ ಕಂಪನಿಯ, ಒಂದೇ ಬಗೆಯವಾಗಿರಲಿ. ನಾನು ಒಮ್ಮೆ ಕೈಗೆ ಸಿಕ್ಕ ಎರಡು ಬಲ್ಬುಗಳನ್ನು ಹಾಕಿಬಿಟ್ಟೆ. ಒಂದು ಮಂಕಾಗಿ, ಇನ್ನೊಂದು ಪ್ರಖರವಾಗಿ ಉರಿದು, ಮಕ್ಕಳ ತಪ್ಪು ತಿಳಿವಳಿಕೆಗೆ ನಾನೇ ಸಾಕ್ಷಿ ಒದಗಿಸಿದಂತಾಯಿತು. ಆಗ ಹುಡುಗಿಯೊಬ್ಬಳು ಎದ್ದು ಬಂದು ಬಲ್ಬುಗಳ ಸ್ಥಾನವನ್ನು ಅದಲುಬದಲು ಮಾಡಿದಳು. ಪ್ರಖರವಾಗಿದ್ದ ಬಲ್ಬು ಸ್ಥಳ ಬದಲಾದರೂ ಪ್ರಖರವಾಗಿಯೇ ಉರಿಯಿತು. ವ್ಯತ್ಯಾಸ ಇರುವುದು ಬಲ್ಬಿನಲ್ಲಿ, ಅದು ಕುಳಿತ ಜಾಗದಲ್ಲಿ ಅಲ್ಲ ಎಂಬುದನ್ನು ತರಗತಿ ನನಗಿಂತ ಮೊದಲೇ ಹೇಳಿತು.

ಪರದೆಯ ಸರದಿ ಬರುವುದು ಈಗ. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ 'ಫೆಟ್' ಯೋಜನೆಯ ವಿದ್ಯುನ್ಮಂಡಲದ ಕೃತಕ ಪ್ರಯೋಗವನ್ನು ಉಚಿತವಾಗಿ ಇಳಿಸಿಕೊಂಡು, ಇಂಟರ್ನೆಟ್ ಇಲ್ಲದೆಯೂ ಲ್ಯಾಪ್‌ಟಾಪಿನಲ್ಲಿ ತೆರೆಯಬಹುದು. ಅಲ್ಲಿ ತಂತಿಯೊಳಗೆ ಎಲೆಕ್ಟ್ರಾನುಗಳು ಚಲಿಸುವುದು ಕಾಣುತ್ತದೆ. ಬಲ್ಬಿನ ಹಿಂದೆ ಮತ್ತು ಮುಂದೆ ಪ್ರವಾಹವನ್ನು ಅಳೆಯುವ ಆಮ್ಮೀಟರ್ ಒಂದೊಂದನ್ನು ಇಟ್ಟರೆ ಎರಡೂ ಒಂದೇ ಅಂಕಿಯನ್ನು ತೋರಿಸುತ್ತವೆ. ಕೈಯಲ್ಲಿರುವ ತಂತಿ ಎಂದೂ ತೋರಿಸಲಾರದ್ದನ್ನು ಪರದೆ ತೋರಿಸುವುದು ಇಲ್ಲಿ. ನನ್ನ ಮಟ್ಟಿಗೆ ಡಿಜಿಟಲ್ ಸಾಧನದ ಸರಿಯಾದ ಸ್ಥಾನವೂ ಇದೇ. ಮಾರನೆಯ ದಿನ ಪಾಠ ಆರಂಭಿಸುವ ಮುನ್ನ ಮೂರು ನಿಮಿಷ ಕೊಟ್ಟು, ಪುಸ್ತಕ ತೆರೆಯದೆ ನಿನ್ನೆಯ ಮಂಡಲವನ್ನು ಬರೆಯಲು ಹೇಳಿ.

ಪ್ರಶ್ನೆ: ನನ್ನ ಮಗ ಓದುತ್ತಿರುವ ಖಾಸಗಿ ಶಾಲೆ ಈ ವರ್ಷದಿಂದ ಪ್ರತಿ ಮಗುವಿಗೂ ಟ್ಯಾಬ್ ಕಡ್ಡಾಯ ಎಂದಿದೆ. ಸಾಲ ಮಾಡಿಯಾದರೂ ಕೊಡಿಸಬೇಕೇ? ಇದರಿಂದ ನಿಜಕ್ಕೂ ಪ್ರಯೋಜನವಿದೆಯೇ?
– ಪೋಷಕರು, ದಾವಣಗೆರೆ

ಉತ್ತರ: ಸಾಧನವನ್ನು ಕೊಟ್ಟ ಮಾತ್ರಕ್ಕೆ ಕಲಿಕೆ ಹೆಚ್ಚುವುದಿಲ್ಲ ಎಂಬುದಕ್ಕೆ ಪೆರು ದೇಶದ ಅನುಭವ ಸಾಕ್ಷಿಯಾಗಿದೆ. ಅಲ್ಲಿನ ಸರ್ಕಾರ ಗ್ರಾಮೀಣ ಶಾಲೆಗಳ ಮಕ್ಕಳಿಗೆ ತಲಾ ಒಂದು ಲ್ಯಾಪ್‌ಟಾಪ್ ಹಂಚಿತು. 319 ಶಾಲೆಗಳನ್ನು ಅಧ್ಯಯನ ಮಾಡಿ 2012ರಲ್ಲಿ ಹೊರಬಂದ ವರದಿ, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಕಲಿಕೆ ಸುಧಾರಿಸಿದ್ದಕ್ಕೆ ಪುರಾವೆ ಸಿಗಲಿಲ್ಲ ಎಂದಿತು. ಇದಕ್ಕೆ ಎದುರಾಗಿ ನಮ್ಮ ದೆಹಲಿಯಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಶಾಲೆ ಬಿಟ್ಟ ಮೇಲೆ ಕೇಂದ್ರವೊಂದಕ್ಕೆ ಬಂದ ಮಕ್ಕಳು 45 ನಿಮಿಷ ಕಂಪ್ಯೂಟರಿನ ಮುಂದೆ, ಇನ್ನು 45 ನಿಮಿಷ ಸಣ್ಣ ಗುಂಪಿನಲ್ಲಿ ಸಹಾಯಕ ಶಿಕ್ಷಕರ ಜೊತೆ ಕಲಿತರು. ನಾಲ್ಕೂವರೆ ತಿಂಗಳಲ್ಲಿ ಗಣಿತ ಮತ್ತು ಹಿಂದಿ ಎರಡರಲ್ಲೂ ಗಮನಾರ್ಹ ಪ್ರಗತಿ ಕಂಡುಬಂತು. ಅಲ್ಲಿನ ತಂತ್ರಾಂಶ ಮಗು ಯಾವ ತರಗತಿಯಲ್ಲಿದೆ ಎಂಬುದನ್ನು ಬದಿಗಿಟ್ಟು, ಮಗುವಿಗೆ ನಿಜವಾಗಿ ಏನು ಬರುತ್ತದೆ ಎಂಬುದನ್ನು ಪರೀಕ್ಷಿಸಿ, ಅಲ್ಲಿಂದಲೇ ಲೆಕ್ಕಗಳನ್ನು ಕೊಡುತ್ತಿತ್ತು. 6ನೇ ತರಗತಿಯಲ್ಲಿ ಕುಳಿತಿದ್ದರೂ ಭಾಗಾಕಾರದಲ್ಲಿಯೇ ನಿಂತುಬಿಟ್ಟ ಮಗುವಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಆದ್ದರಿಂದ ಸಾಲದ ಮಾತಿಗೆ ಮೊದಲು ಶಾಲೆಯವರನ್ನು ಭೇಟಿಯಾಗಿ ವಿನಯದಿಂದ, ಆದರೆ ಸ್ಪಷ್ಟವಾಗಿ ಕೇಳಿ: ಟ್ಯಾಬಿನಲ್ಲಿ ಇರುವುದು ಪಠ್ಯಪುಸ್ತಕದ ಪ್ರತಿಯೋ, ಅಥವಾ ನನ್ನ ಮಗನ ತಪ್ಪುಗಳನ್ನು ಗುರುತಿಸುವ ಅಭ್ಯಾಸವೋ? ಆ ತಪ್ಪುಗಳ ವಿವರವನ್ನು ಯಾವ ಶಿಕ್ಷಕರು, ವಾರಕ್ಕೆ ಎಷ್ಟು ಬಾರಿ ನೋಡುತ್ತಾರೆ? ಮಗುವಿನ ಮಾಹಿತಿ ಯಾರ ಕೈಸೇರುತ್ತದೆ? ಕೊನೆಯ ಪ್ರಶ್ನೆಗೆ ಕಾನೂನಿನ ಬಲವೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಪುಸ್ತಕದ ಪ್ರತಿಗಾಗಿ ಟ್ಯಾಬ್ ಎಂಬ ಉತ್ತರ ಬಂದರೆ ನೀವು ಸಾಲ ಮಾಡಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಬೇರೆ ಪೋಷಕರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ನಾನು ಚಿಕ್ಕವನಿದ್ದಾಗ ನಮ್ಮೂರಿಗೆ ಉಪಗ್ರಹದ ಮೂಲಕ ಟಿ.ವಿ. ಪಾಠ ಬರುತ್ತಿತ್ತು, ಒಂದು ವರ್ಷಕ್ಕೆ ನಿಂತುಹೋಯಿತು. ಇಂದಿನ ಸ್ಮಾರ್ಟ್ ಕ್ಲಾಸ್ ಅದರ ಮರುಕಳಿಕೆಯಲ್ಲವೇ?
– ನಿವೃತ್ತ ಶಿಕ್ಷಕರು, ರಾಯಚೂರು ಜಿಲ್ಲೆ

ಉತ್ತರ: ತಾವು ನೆನಪಿಸಿಕೊಂಡಿರುವುದು 'ಸೈಟ್' ಪ್ರಯೋಗವನ್ನು. ಇಸ್ರೊ, ಅಮೆರಿಕದ ನಾಸಾದ ಎಟಿಎಸ್-6 ಉಪಗ್ರಹವನ್ನು ಬಳಸಿಕೊಂಡು, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಬಿತ್ತರಿಸಿತು. ಆ ಹಳ್ಳಿಗಳಲ್ಲಿ ತಮ್ಮ ರಾಯಚೂರು, ಅಂದಿನ ಗುಲಬರ್ಗಾ ಮತ್ತು ಬಿಜಾಪುರ ಜಿಲ್ಲೆಗಳವೂ ಸೇರಿದ್ದವು. ಆ ಉಪಗ್ರಹ ನಮಗೆ ಒಂದು ವರ್ಷದ ಮಟ್ಟಿಗಷ್ಟೇ ದೊರೆತಿತ್ತು, ನಿಂತದ್ದು ಅದಕ್ಕಾಗಿ. ಅಂದಿಗೂ ಇಂದಿಗೂ ಇರುವ ನಿಜವಾದ ವ್ಯತ್ಯಾಸ, ಅಂದಿನ ಪಾಠವನ್ನು ಶಿಕ್ಷಕರು ನಡುವೆ ನಿಲ್ಲಿಸುವಂತಿರಲಿಲ್ಲ. ಮಗುವಿಗೆ ಅರ್ಥವಾಗಲಿ ಬಿಡಲಿ, ಪ್ರಸಾರ ಮುಂದೆ ಹೋಗುತ್ತಿತ್ತು. ಇಂದು ನಿಲ್ಲಿಸುವ ಗುಂಡಿ ಶಿಕ್ಷಕರ ಬೆರಳ ತುದಿಯಲ್ಲಿದೆ. ಅದನ್ನು ಒತ್ತದೆ ವಿಡಿಯೊವನ್ನು ಆದಿಯಿಂದ ಅಂತ್ಯದವರೆಗೆ ಓಡಿಸಿದರೆ ತಮ್ಮ ಮಾತು ಪೂರ್ತಿ ನಿಜವಾಗುತ್ತದೆ.

ಪ್ರಶ್ನೆ: ನಮ್ಮದು ನಲಿ-ಕಲಿ ತರಗತಿ. 1, 2 ಮತ್ತು 3ನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿದ್ದಾರೆ. ಇರುವುದು ನನ್ನ ಸ್ವಂತ ಮೊಬೈಲ್ ಒಂದೇ, ನೆಟ್‌ವರ್ಕ್ ಗುಡ್ಡ ಹತ್ತಿದರೆ ಮಾತ್ರ. ಹೊಸ ವಿಧಾನಗಳ ತರಬೇತಿಗೆ ಹೋದಾಗ ನಾವು ಹಿಂದುಳಿದಿದ್ದೇವೆ ಎನ್ನಿಸುತ್ತದೆ.
– ಶಿಕ್ಷಕಿ, ಉತ್ತರ ಕನ್ನಡ ಜಿಲ್ಲೆ

ಉತ್ತರ: ನೀವು ಹಿಂದುಳಿದಿಲ್ಲ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದು, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಮ್ಮ ಸರ್ಕಾರಿ ಶಾಲೆಗಳ ಶಿಕ್ಷಕರೇ ಕೂಡಿ ಕಟ್ಟಿದ ಕ್ರಮ ನಲಿ-ಕಲಿ. ಕಲಿಕೆಯ ಹಂತಗಳನ್ನು ತೋರಿಸುವ ಏಣಿಯ ಪಟದಲ್ಲಿ ಮಗು ತನ್ನ ಮೆಟ್ಟಿಲನ್ನು ತಾನೇ ಗುರುತಿಸಿಕೊಂಡು, ಅದರ ಚಿಹ್ನೆಯ ಕಾರ್ಡನ್ನು ಹುಡುಕಿ ತಂದು, ತನ್ನ ವೇಗದಲ್ಲಿ ಕಲಿಯುವ ವ್ಯವಸ್ಥೆಯದು. ಮೇಲೆ ಹೇಳಿದ ದೆಹಲಿಯ ತಂತ್ರಾಂಶ ಕಂಪ್ಯೂಟರಿನಲ್ಲಿ ಮಾಡುವ ಕೆಲಸದ ಮುಖ್ಯ ಭಾಗವನ್ನು ನೀವು ರಟ್ಟಿನ ಕಾರ್ಡುಗಳಲ್ಲಿ ದಿನವೂ ಮಾಡುತ್ತಿದ್ದೀರಿ. ದಯವಿಟ್ಟು ಮೊಬೈಲಿಗಾಗಿ ಅದನ್ನು ಬಿಟ್ಟುಕೊಡಬೇಡಿ.

ಶಾಲಾ ಪಾಠಗಳಿರುವ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಬೇಕಾದ ಪಾಠಗಳನ್ನು ನೆಟ್‌ವರ್ಕ್ ಸಿಗುವಲ್ಲಿ ಒಮ್ಮೆ ಇಳಿಸಿಕೊಂಡರೆ ಶಾಲೆಯಲ್ಲಿ ಇಂಟರ್ನೆಟ್ ಇಲ್ಲದೆಯೂ ತೆರೆಯಬಹುದು. ಆದರೆ ಒಂದೇ ಮೊಬೈಲಿನ ಪುಟ್ಟ ಪರದೆಯ ಸುತ್ತ ಮೂವತ್ತು ಮಕ್ಕಳನ್ನು ಕೂರಿಸುವುದು ನನಗೆ ಸರಿಕಾಣುವುದಿಲ್ಲ. ಅದರ ಧ್ವನಿಮುದ್ರಣದ ಸೌಲಭ್ಯ ನಿಮಗೆ ಹೆಚ್ಚು ಉಪಯೋಗಕ್ಕೆ ಬಂದೀತು. ದಿನಕ್ಕೆ ಐದಾರು ಮಕ್ಕಳಂತೆ, ಪ್ರತಿ ಮಗುವೂ ಒಂದು ನಿಮಿಷ ಗಟ್ಟಿಯಾಗಿ ಓದುವುದನ್ನು ಮುದ್ರಿಸಿಕೊಳ್ಳಿ. 'ಕಲ್ಲು' ಎಂಬಲ್ಲಿ 'ಕಲು' ಎಂದು, 'ಅಜ್ಜಿ' ಎಂಬಲ್ಲಿ 'ಅಜಿ' ಎಂದು ಓದುವ ಮಗುವಿನ ತೊಡಕು ಒತ್ತಕ್ಷರದಲ್ಲಿದೆ; ತರಗತಿಯ ಗದ್ದಲದಲ್ಲಿ ಕಿವಿಗೆ ಬೀಳದ ಈ ವ್ಯತ್ಯಾಸ ಸಂಜೆ ಒಬ್ಬರೇ ಕುಳಿತು ಕೇಳಿದಾಗ ತಿಳಿಯುತ್ತದೆ, ಮರುದಿನ ಯಾವ ಮಗುವನ್ನು ಯಾವ ಗುಂಪಿನಲ್ಲಿ ಕೂರಿಸಬೇಕು ಎಂಬುದೂ ನಿರ್ಧಾರವಾಗುತ್ತದೆ. ಮಗುವಿಗೂ ಅದರ ಧ್ವನಿಯನ್ನು ಕೇಳಿಸಿ, ಎದುರಿಗೆ ಪುಸ್ತಕವಿರಲಿ. ಎಷ್ಟೋ ಮಕ್ಕಳು ತಮ್ಮ ತಪ್ಪನ್ನು ತಾವೇ ಹಿಡಿದು, ನೀವು ಹೇಳುವ ಮೊದಲೇ ತಿದ್ದಿಕೊಳ್ಳುತ್ತಾರೆ.

ಮುದ್ರಿಸುವ ಮುನ್ನ ಪೋಷಕರ ಒಪ್ಪಿಗೆ ಪಡೆಯಿರಿ, ಯಾವ ವಾಟ್ಸ್ಆ್ಯಪ್ ಗುಂಪಿಗೂ ಅದನ್ನು ಹಾಕಬೇಡಿ, ವರ್ಷ ಮುಗಿದಾಗ ಅಳಿಸಿಬಿಡಿ. ಜೂನ್ ತಿಂಗಳ ಒಂದು ಧ್ವನಿಯನ್ನು ಮಾತ್ರ ಜೋಪಾನವಾಗಿಟ್ಟುಕೊಂಡಿದ್ದು, ಮಾರ್ಚಿನಲ್ಲಿ ತಾಯಿತಂದೆ ಶಾಲೆಗೆ ಬಂದಾಗ ಅದನ್ನೂ ಮಾರ್ಚಿನ ಧ್ವನಿಯನ್ನೂ ಒಂದರ ಹಿಂದೆ ಒಂದರಂತೆ ಅವರಿಗೆ ಕೇಳಿಸಿ. ಅಂಕಪಟ್ಟಿ ಓದಲು ಬಾರದ ತಾಯಿಗೂ ತನ್ನ ಮಗು ಎಷ್ಟು ಮುಂದೆ ಬಂದಿದೆ ಎಂಬುದು ಆ ಎರಡು ನಿಮಿಷಗಳಲ್ಲಿ ತಿಳಿಯುತ್ತದೆ.