ಫ್ಯಾನ್ ತಿರುಗಿ ನಿಲ್ಲುವ ಹಳೆಯ ಕಂಪ್ಯೂಟರ್

ಪ್ರಶ್ನೆ: ನಮ್ಮ ಹತ್ತು ವರ್ಷ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನ ಗುಂಡಿ ಒತ್ತಿದರೆ ಫ್ಯಾನ್ ಒಂದೆರಡು ಸುತ್ತು ತಿರುಗಿ ನಿಂತುಬಿಡುತ್ತದೆ, ಪರದೆಯ ಮೇಲೆ ಏನೂ ಮೂಡುವುದಿಲ್ಲ. ಮದರ್‌ಬೋರ್ಡ್ (ಮುಖ್ಯ ಸರ್ಕ್ಯೂಟ್ ಹಲಗೆ) ಬದಲಿಸಲೇಬೇಕೆ?

ಉತ್ತರ: ಆ ತೀರ್ಮಾನಕ್ಕೆ ಈಗಲೇ ಬರಬೇಡಿ. ಫ್ಯಾನ್ ಕ್ಷಣಕಾಲವಾದರೂ ತಿರುಗುತ್ತಿದೆ ಎಂದಮೇಲೆ ಗುಂಡಿ ಕೆಲಸ ಮಾಡುತ್ತಿದೆ. ಸಂಶಯ ಮೊದಲು ಹೋಗಬೇಕಾದದ್ದು ಕಂಪ್ಯೂಟರಿನ ತಾತ್ಕಾಲಿಕ ಸ್ಮರಣೆಯ ಪಟ್ಟಿಯಾದ ರ‍್ಯಾಮ್ ಮತ್ತು ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಪವರ್ ಸಪ್ಲೈ ಕಡೆಗೆ. ಪ್ಲಗ್ ಕಿತ್ತು, ಗುಂಡಿಯನ್ನು ಹತ್ತಿಪ್ಪತ್ತು ಸೆಕೆಂಡು ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಹರಿಯಬಿಟ್ಟ ಬಳಿಕ, ರ‍್ಯಾಮ್ ಪಟ್ಟಿಯನ್ನು ಹೊರತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲನೆ ಉಜ್ಜಿ, ಪುಡಿಯನ್ನು ಒರೆಸಿ, ಎರಡೂ ಬದಿಯ ಕೊಂಡಿ ಟಕ್ಕೆನ್ನುವಂತೆ ಮತ್ತೆ ಕೂರಿಸಿ. ಹಳೆಯ ಯಂತ್ರಗಳು ಎಷ್ಟೋ ಸಲ ಇಷ್ಟಕ್ಕೇ ಏಳುತ್ತವೆ.

ಏಳದಿದ್ದರೆ ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್‌ಗಳನ್ನು ಬಿಚ್ಚಿಟ್ಟು, ಒಂದೇ ರ‍್ಯಾಮ್ ಪಟ್ಟಿಯೊಂದಿಗೆ ಪ್ರಯತ್ನಿಸಿ. ಪ್ರೊಸೆಸರಿನ ಸುತ್ತಲಿನ ಪುಟ್ಟ ಡಬ್ಬಿಗಳಂತಹ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಅಥವಾ ಕಂದು ದ್ರವ ಒಸರಿದ್ದರೆ ದೋಷ ಬೋರ್ಡಿನದೇ. ಅನುಭವಿ ಕೈ ಅವನ್ನು ಬದಲಿಸಬಲ್ಲದು.

ಇಲ್ಲವಾದರೆ, ಚೆನ್ನಾಗಿರುವ ಬೇರೊಂದು ಪವರ್ ಸಪ್ಲೈಯನ್ನು ಜೋಡಿಸಿ ನೋಡುವುದೇ ಖಚಿತ ಪರೀಕ್ಷೆ. ವೋಲ್ಟ್ ಅಳೆಯುವ ಮಲ್ಟಿಮೀಟರಿನಲ್ಲಿ ಅದರ 12 ವೋಲ್ಟ್ ತಂತಿ 11.4ಕ್ಕಿಂತ ಕಡಿಮೆ ತೋರಿಸಿದರೆ ಪವರ್ ಸಪ್ಲೈಯನ್ನೇ ಬದಲಿಸಬೇಕು. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಬೋರ್ಡಿನ ಮೇಲಿರುವ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಸತ್ತರೆ ಸಾಮಾನ್ಯವಾಗಿ ಗಡಿಯಾರ ತಪ್ಪುತ್ತದೆಯೇ ಹೊರತು ಯಂತ್ರ ಹೀಗೆ ನಿಲ್ಲುವುದು ಅಪರೂಪ.