ಪ್ರೋಟೀನ್ ಸ್ಕಿಮ್ಮರ್ ಉಕ್ಕಿ ನೆಲವೆಲ್ಲ ಒದ್ದೆ: ಕಡಿಮೆ ಖರ್ಚಿನಲ್ಲಿ ತಡೆಯೋದು ಹೇಗೆ?

ಉಪ್ಪುನೀರಿನ ಅಕ್ವೇರಿಯಂನ ಕೊಳೆಯನ್ನು ನೊರೆಯಾಗಿ ಮೇಲೆತ್ತಿ ಕಪ್‌ನಲ್ಲಿ ಹಿಡಿಯುವ ಸಾಧನವೇ ಪ್ರೋಟೀನ್ ಸ್ಕಿಮ್ಮರ್. ಆ ಕಪ್‌ನಿಂದ ಪೈಪ್ ಎಳೆದು ಹೊರಗಿನ ಬಾಟಲಿಗೆ ಬಿಟ್ಟಿದ್ದೀರಿ, ಬಾಟಲಿ ತುಂಬಿ ನೆಲಕ್ಕೆ ಹರಿಯುತ್ತಿದೆ, ಸ್ಕಿಮ್ಮರನ್ನು ತಾನೇ ನಿಲ್ಲಿಸುವ ದುಬಾರಿ ಕಂಟ್ರೋಲರ್ ಬೇಡ ಅಂದಿದ್ದೀರಿ. ಹಾಗಾದರೆ ಇವತ್ತೇ ಆ ಪೈಪನ್ನು ಬಾಟಲಿಯಿಂದ ತೆಗೆದು ಸಂಪ್‌ಗೆ, ಅಂದರೆ ಅಕ್ವೇರಿಯಂನ ನೀರು ಶುದ್ಧವಾಗಲು ಇಳಿದು ಬರುವ ಕೆಳಗಿನ ತೊಟ್ಟಿಗೆ, ಬಿಡಿ. ಸ್ಕಿಮ್ಮರ್ ಸಂಪ್ ಒಳಗೇ ಇದ್ದರೆ, ಎಷ್ಟೇ ಉಕ್ಕಿದರೂ ನೀರು ಅಲ್ಲಿಗೇ ವಾಪಸ್ ಬೀಳುತ್ತದೆ. ಕೊಳೆಯೂ ವಾಪಸ್ ಬರುತ್ತದೆ, ಬರಲಿ ಬಿಡಿ. ಕಾರಣ ಹುಡುಕುವ ತನಕ ಇದು ಸಾಕು, ಖರ್ಚೂ ಇಲ್ಲ.

ನೆಲ ಒದ್ದೆಯಾಗೋದು ದೊಡ್ಡ ವಿಷಯವಲ್ಲ, ತೊಟ್ಟಿಯ ಉಪ್ಪಿನಂಶ ಇಳಿಯೋದೇ ದೊಡ್ಡ ವಿಷಯ. ನನಗೆ ಇದು ಗೊತ್ತಾಗಿದ್ದು ಕೆಟ್ಟ ಮೇಲೆಯೇ. ಒಂದು ಸಂಜೆ ಎಪಾಕ್ಸಿ ಅಂಟಿನಿಂದ ಹವಳ ಕೂರಿಸಿ ಮಲಗಿದ್ದೆ. ಅಂಟು ನೀರಿಗೆ ಬಿದ್ದರೆ ಸ್ಕಿಮ್ಮರ್ ಹಾಲು ಉಕ್ಕಿದ ಹಾಗೆ ಉಕ್ಕುತ್ತದೆ. ಬೆಳಿಗ್ಗೆ ಬರಿಗಾಲಿಟ್ಟರೆ ಅಂಟಂಟು, ನಾರುವ ನೀರು. ಒರೆಸಿದೆ, ಮುಗಿಯಿತು ಅಂದುಕೊಂಡೆ. ಆದರೆ ಸಂಪ್‌ನಲ್ಲಿ ನೀರು ಮಾತ್ರ ಒಂದಿಷ್ಟೂ ಕಡಿಮೆಯಾಗಿರಲಿಲ್ಲ! ಆವಿಯಾದಷ್ಟು ಸಿಹಿನೀರು ತುಂಬುವ ಪಂಪ್ ಇದೆಯಲ್ಲ, ಅದು ರಾತ್ರಿಯಿಡೀ ಹೋದ ಉಪ್ಪುನೀರಿನ ಜಾಗಕ್ಕೆ ಸಿಹಿನೀರು ಸುರಿದಿತ್ತು. ಲೆಕ್ಕ ಹಾಕಿ: ಒಟ್ಟು 200 ಲೀಟರ್‌ನಲ್ಲಿ 20 ಲೀಟರ್ ಹೀಗೆ ಬದಲಾದರೆ ಲವಣಾಂಶ ಸಾವಿರಕ್ಕೆ 35ರಿಂದ 31.5ಕ್ಕೆ ಇಳಿಯುತ್ತದೆ. ಹವಳಗಳೆಲ್ಲ ಮುದುಡಿ ಕೂತಿದ್ದವು. ಅದಕ್ಕೇ ಸಿಹಿನೀರಿನ ಡಬ್ಬ ಚಿಕ್ಕದಿರಲಿ, ಎರಡು ಮೂರು ದಿನಕ್ಕೆ ಆಗುವಷ್ಟು ಸಾಕು.

ಹೊಸ ಸ್ಕಿಮ್ಮರ್ ಆಗಿದ್ದರೆ ಮೊದಲ ಕೆಲವು ದಿನ ಹೀಗೆ ಹುಚ್ಚಾಟ ಆಡೋದು ಮಾಮೂಲು. ಔಷಧಿ ಹಾಕಿದಾಗಲೂ ಅಷ್ಟೇ. ಹಳೆಯದು ಪದೇ ಪದೇ ಉಕ್ಕುತ್ತಿದ್ದರೆ ಸಂಪ್‌ನ ನೀರಿನ ಮಟ್ಟ ನೋಡಿ. ಅಲ್ಲಿ ಸ್ವಲ್ಪ ಏರಿದರೂ ಸ್ಕಿಮ್ಮರ್ ಒಳಗೆ ನೊರೆ ಮೇಲೇರುತ್ತದೆ. ಸಂಪ್ ಒಳಗೆ ಅಡ್ಡಗೋಡೆಯಿಂದ ಮಟ್ಟ ಕದಲದೆ ನಿಲ್ಲುವ ಭಾಗದಲ್ಲಿ ಸ್ಕಿಮ್ಮರ್ ಇಡಿ. ನೀರು ಜಾಸ್ತಿ ಆಳ ಇದ್ದರೆ ಪಿವಿಸಿ ಪೈಪ್ ತುಂಡುಗಳ ಮೇಲೆ ಎತ್ತಿಡಿ. ಕರೆಂಟ್ ಹೋದಾಗ ತೊಟ್ಟಿಯ ನೀರು ಸಂಪ್‌ಗೆ ಇಳಿದಿರುತ್ತದೆ. ಕರೆಂಟ್ ಬಂದ ಕೂಡಲೇ ಸ್ಕಿಮ್ಮರ್ ಅದೇ ಎತ್ತರದ ನೀರಿನಲ್ಲಿ ಶುರುವಾಗಿ ಉಕ್ಕುತ್ತದೆ. ತುಂಬಾ ಜನ ಇದನ್ನು ಗಮನಿಸೋದೇ ಇಲ್ಲ.

ಹೊರಗೆ ಬಾಟಲಿ ಬೇಕೇ ಬೇಕು ಅಂದರೆ ಎರಡು ಫ್ಲೋಟ್ ಸ್ವಿಚ್ ತನ್ನಿ, ಅಂದರೆ ನೀರು ಏರಿದಾಗ ತೇಲಿ ಮೇಲೆದ್ದು ಕರೆಂಟ್ ಕಡಿಯುವ ಸ್ವಿಚ್. ಒಂದು ಬಾಟಲಿ ಮುಚ್ಚಳಕ್ಕೆ, ಇನ್ನೊಂದು ಸಂಪ್‌ನಲ್ಲಿ ಮಾಮೂಲಿ ಮಟ್ಟಕ್ಕಿಂತ ತುಸು ಮೇಲೆ. ಮುಚ್ಚಳದಲ್ಲಿ ಗಾಳಿಗೆ ಒಂದು ತೂತು ಬಿಡಿ, ಇಲ್ಲದಿದ್ದರೆ ನೀರು ಸರಿಯಾಗಿ ಇಳಿಯುವುದಿಲ್ಲ. ಎರಡನ್ನೂ ಒಂದರ ಹಿಂದೆ ಒಂದು ಜೋಡಿಸಿದರೆ, ಯಾವುದು ಮೇಲೆದ್ದರೂ ಸ್ಕಿಮ್ಮರ್ ಪಂಪ್ ನಿಲ್ಲುತ್ತದೆ. ಆದರೆ ಆ ಪುಟ್ಟ ಸ್ವಿಚ್‌ನಲ್ಲಿ ಗೋಡೆಯ ಕರೆಂಟ್ ನೇರ ಹರಿಸಬೇಡಿ. 12 ವೋಲ್ಟ್ ಅಡಾಪ್ಟರ್ ಮತ್ತು ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಮೂಲಕವೇ ಹೋಗಲಿ. ವೈರಿಂಗ್ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ.

ಆಮೇಲೆ ತಿಂಗಳಿಗೊಮ್ಮೆ ಫ್ಲೋಟನ್ನು ಬೆರಳಿನಿಂದ ಎತ್ತಿ ಪಂಪ್ ನಿಲ್ಲುತ್ತದಾ ನೋಡಿ. ಉಪ್ಪು ಕಟ್ಟಿಕೊಂಡು ಅದು ಸುಮ್ನೆ ಅಂಟಿಕೊಂಡುಬಿಡುತ್ತದೆ. ನನ್ನದು ಎರಡು ಸಲ ಹಾಗಾಗಿತ್ತು.